ವಿದೇಶದ ಓದು: ಪುಕ್ಕಟೆ ಸಲಹೆಗೆ ತೆರುವ ಬೆಲೆ

ಉನ್ನತ ಶಿಕ್ಷಣಕ್ಕೆಂದು 2023ರಲ್ಲಿ ದೇಶ ಬಿಟ್ಟು ಹೊರಟ ಭಾರತೀಯರು 8.92 ಲಕ್ಷ. ಮರುವರ್ಷ ಆ ಸಂಖ್ಯೆ 7.59 ಲಕ್ಷಕ್ಕೆ ಇಳಿಯಿತು. ಇದು ವಲಸೆ ಬ್ಯೂರೊದ ದಾಖಲೆಗಳನ್ನು ಆಧರಿಸಿ ಕೇಂದ್ರ ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕ. ಆ ಹನ್ನೆರಡು ತಿಂಗಳಲ್ಲಿ ಟೊರಾಂಟೊದ ಪ್ರಯೋಗಾಲಯಗಳಿಗೆ ಬೀಗ ಬೀಳಲಿಲ್ಲ, ಮ್ಯಾಂಚೆಸ್ಟರಿನ ಮೇಷ್ಟ್ರುಗಳು ಪಾಠ ಮರೆಯಲಿಲ್ಲ, ನಮ್ಮ ಮಕ್ಕಳ ಓದಿನ ಹಂಬಲವೂ ಬತ್ತಲಿಲ್ಲ. ಬದಲಾದದ್ದು ವೀಸಾ ನಿಯಮ. ಯಾವ ದೇಶಕ್ಕೆ ಓದಲು ಹೋಗಬೇಕು ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಈಗ ಉತ್ತರ ಹೊಳೆಯುವುದು ವಿಶ್ವವಿದ್ಯಾಲಯದ ಹೆಸರಿನಿಂದಲ್ಲ, ಓದು ಮುಗಿದ ಮೇಲೆ ಅಲ್ಲಿ ಎಷ್ಟು ದಿನ ದುಡಿಯಬಹುದು ಎಂಬ ಒಂದು ಸಾಲಿನಿಂದ. ಹಾಗೆ ಯೋಚಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಒಂದು ಸಾಲಿನ ಆಯುಷ್ಯ ನಾವು ಮಾಡುವ ಸಾಲದ ಆಯುಷ್ಯಕ್ಕಿಂತ ತೀರಾ ಕಡಿಮೆ. ಅದನ್ನು ನಮಗೆ ಓದಿ ಹೇಳುವ ಸಲಹೆಗಾರನಿಗೆ ಸಂಬಳ ಬರುವುದು ನಮ್ಮಿಂದಲ್ಲ, ಸೀಟು ಮಾರುವವರಿಂದ. ರಿಪೇರಿ ಆಗಬೇಕಾದ್ದು ಇಲ್ಲಿ.

ಮೊದಲು ಸಾಕ್ಷ್ಯ ನೋಡೋಣ. ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗಳು ಎರಡು ವರ್ಷ ಉಳಿದು ಕೆಲಸ ಮಾಡಬಹುದಾಗಿದ್ದ ವೀಸಾವನ್ನು ಬ್ರಿಟನ್ 2012ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಆಗ ಗೃಹ ಸಚಿವೆಯಾಗಿದ್ದವರು ತೆರೇಸಾ ಮೇ. 2010–11ರಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಹೊಸದಾಗಿ ಸೇರಿದ್ದ ಭಾರತೀಯರು ಸುಮಾರು 24 ಸಾವಿರ. ಎರಡೇ ವರ್ಷದಲ್ಲಿ ಆ ಸಂಖ್ಯೆ ಅರ್ಧದ ಆಸುಪಾಸಿಗೆ ಕುಸಿಯಿತು. ಅದೇ ವರ್ಷಗಳಲ್ಲಿ, ಅದೇ ವಿಶ್ವವಿದ್ಯಾಲಯಗಳಿಗೆ, ಅದೇ ಶುಲ್ಕ ಕೊಟ್ಟು ಬರುತ್ತಿದ್ದ ಚೀನೀ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಲೇ ಹೋಯಿತು. ಸಮಾಜ ವಿಜ್ಞಾನದಲ್ಲಿ ಇಷ್ಟು ಚೊಕ್ಕವಾದ ಪ್ರಯೋಗ ಅಪರೂಪ. ಪದವಿ ಹಿಡಿದು ಊರಿಗೆ ಮರಳುವುದೇ ಬಹುಪಾಲು ಚೀನೀಯರ ಲೆಕ್ಕಾಚಾರವಾಗಿದ್ದರಿಂದ ಆ ನಿಯಮ ಅವರಿಗೆ ತಟ್ಟಲಿಲ್ಲ. ಅಲ್ಲಿ ದುಡಿದೇ ಸಾಲ ತೀರಿಸಬೇಕಾದ ಭಾರತೀಯರಿಗೆ ತಟ್ಟಿತು. ಬ್ರಿಟನ್ ಮನಸ್ಸು ಬದಲಿಸಿ 2019ರಲ್ಲಿ ಆ ಅವಕಾಶವನ್ನು ಮರಳಿ ಘೋಷಿಸಿತು, 2021ರ ಜುಲೈನಲ್ಲಿ ಜಾರಿಗೂ ತಂದಿತು. 2023ರ ಜೂನ್‌ಗೆ ಕೊನೆಗೊಂಡ ಒಂದೇ ವರ್ಷದಲ್ಲಿ ಭಾರತೀಯರಿಗೆ ಸಿಕ್ಕ ಬ್ರಿಟಿಷ್ ವಿದ್ಯಾರ್ಥಿ ವೀಸಾಗಳು 1.42 ಲಕ್ಷ ದಾಟಿದವು. ಆ ಹತ್ತು ವರ್ಷಗಳಲ್ಲಿ ಕೇಂಬ್ರಿಜ್ ಕೇಂಬ್ರಿಜ್ಜಾಗಿಯೇ ಇತ್ತು.

ಕೆನಡಾದ ಕತೆ ಇದಕ್ಕಿಂತ ಸ್ಪಷ್ಟ. ಅಲ್ಲಿ ಓದಿನ ನಂತರದ ಕೆಲಸದ ಪರವಾನಗಿಗೆ ಒಂದು ಸೂತ್ರವಿದೆ: ಎಂಟು ತಿಂಗಳಿಗೆ ಕಡಿಮೆಯಿಲ್ಲದ ಡಿಪ್ಲೊಮಾದಂಥ ಕೋರ್ಸಾದರೆ ಓದಿದಷ್ಟೇ ಅವಧಿಯ ಪರವಾನಗಿ, ಎರಡು ವರ್ಷ ಓದಿದರೆ ಮೂರು ವರ್ಷದ ಪರವಾನಗಿ. ಬಿ.ಇ. ಮುಗಿಸಿದ ಹುಡುಗನೊಬ್ಬ ಒಂದೊಂದು ವರ್ಷದ ಎರಡು ಡಿಪ್ಲೊಮಾಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಓದುವುದು ಅಲ್ಲಿ ಮಾಮೂಲಾದದ್ದು ಇದರಿಂದ. ತಾನು ಈಗಾಗಲೇ ಪಡೆದ ಪದವಿಗಿಂತ ಕೆಳಗಿನ ಓದಿಗೆ ಹದಿನೈದು–ಇಪ್ಪತ್ತು ಲಕ್ಷ ಸುರಿಯುವವನು ಕೊಳ್ಳುತ್ತಿರುವುದು ಪಾಠವನ್ನಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. 2023ರ ಕೊನೆಗೆ ಅಲ್ಲಿ ವಿದ್ಯಾರ್ಥಿ ಪರವಾನಗಿ ಹೊಂದಿದ್ದವರ ಸಂಖ್ಯೆ ಹತ್ತು ಲಕ್ಷ ಮೀರಿತ್ತು. ಬಾಡಿಗೆ ಮನೆಗಳ ಬೆಲೆ ಗಗನಕ್ಕೇರಿ ಸ್ಥಳೀಯರು ಗೊಣಗತೊಡಗಿದ ಮೇಲೆ ಸರ್ಕಾರ ಸರಸರನೆ ಬಾಗಿಲು ಎಳೆಯಿತು. ಖರ್ಚಿಗೆಂದು ತೋರಿಸಬೇಕಾದ ಹಣ 2024ರ ಜನವರಿ 1ರಿಂದ 10 ಸಾವಿರ ಡಾಲರಿನಿಂದ 20,635 ಡಾಲರಿಗೆ ಏರಿತು. ಅದೇ ತಿಂಗಳ 22ರಂದು ವಲಸೆ ಸಚಿವ ಮಾರ್ಕ್ ಮಿಲ್ಲರ್ ಹೊಸ ಪರವಾನಗಿಗಳಿಗೆ ಮಿತಿ ಹೇರಿದರು. ಮೇ ತಿಂಗಳಿಂದ, ಸರ್ಕಾರಿ ಕಾಲೇಜಿನ ಹೆಸರಿನಲ್ಲಿ ಖಾಸಗಿಯವರು ನಡೆಸುವ ಕೋರ್ಸುಗಳಿಗೆ ಹೊಸದಾಗಿ ಸೇರುವವರಿಗೆ ಕೆಲಸದ ಪರವಾನಗಿ ಇಲ್ಲ ಎಂದಾಯಿತು. ನವೆಂಬರ್‌ನಿಂದ, ಯಾವ ವಿಷಯ ಓದಿದರೆ ಪರವಾನಗಿ ಎಂಬುದಕ್ಕೂ ಪಟ್ಟಿ ಬಂತು. ಹೆಚ್ಚಿನ ಡಿಪ್ಲೊಮಾಗಳು ಅದರ ಬಿಸಿ ಅನುಭವಿಸಿದವು. ಪ್ರಿನ್ಸ್ ಎಡ್ವರ್ಡ್ ಐಲೆಂಡ್ ಎಂಬ ಪುಟ್ಟ ಪ್ರಾಂತ್ಯ ಕಾಯಂ ವಾಸದ (ಪಿ.ಆರ್.) ಶಿಫಾರಸುಗಳನ್ನು ಕಡಿತ ಮಾಡಿದಾಗ ಓದು ಮುಗಿಸಿ ಅಲ್ಲೇ ದುಡಿಯುತ್ತಿದ್ದ ಭಾರತೀಯ ಯುವಕರು ಧರಣಿ ಕುಳಿತರು. ಪಿ.ಆರ್. ಸಿಕ್ಕೇ ಸಿಗುತ್ತದೆಂದು ತಮಗೆ ಹೇಳಿದ್ದರು ಎನ್ನುವುದು ಇಂಥ ಧರಣಿಗಳಲ್ಲೆಲ್ಲ ಕೇಳಿಬರುವ ಅಳಲು. ಹೇಳಿದವರು ಯಾರು? ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಇದು ಹೊಸ ಆಟವೂ ಅಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಆಸ್ಟ್ರೇಲಿಯಾ ತನಗೆ ಬೇಕಾದ ಕಸುಬುಗಳ ಪಟ್ಟಿಯಲ್ಲಿ ಅಡುಗೆಯನ್ನೂ ಕೇಶವಿನ್ಯಾಸವನ್ನೂ ಸೇರಿಸಿತ್ತು. ಮೆಲ್ಬರ್ನ್, ಸಿಡ್ನಿಗಳಲ್ಲಿ ಕೂದಲು ಕತ್ತರಿಸುವುದನ್ನು ಕಲಿಸುವ ಖಾಸಗಿ ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಕತ್ತರಿ ಹಿಡಿಯುವ ಆಸೆಯೇ ಇಲ್ಲದ ಪದವೀಧರರು ಅಲ್ಲಿಗೆ ಹೊರಟರು. 2010ರ ಫೆಬ್ರುವರಿಯಲ್ಲಿ ಆ ಪಟ್ಟಿ ರದ್ದಾಯಿತು. ಕಾಲೇಜುಗಳು ಒಂದೊಂದಾಗಿ ಮುಚ್ಚಿದವು, ಸಾಲ ಮಾತ್ರ ತೆರೆದೇ ಇತ್ತು. ಅಮೆರಿಕದಲ್ಲಿ ಇದೇ ಸಂಗತಿ ಇನ್ನಷ್ಟು ನಯವಾಗಿ ನಡೆಯುತ್ತದೆ. ಅಲ್ಲಿ ಓದು ಮುಗಿಸಿದ ಎಲ್ಲರಿಗೂ ಒಂದು ವರ್ಷ ಕೆಲಸದ ಅವಕಾಶವಿದ್ದರೆ, ವಿಜ್ಞಾನ–ತಂತ್ರಜ್ಞಾನ–ಎಂಜಿನಿಯರಿಂಗ್–ಗಣಿತ ಎಂದು ವರ್ಗೀಕರಿಸಿದ ಕೋರ್ಸುಗಳವರಿಗೆ ಅದರ ಮೇಲೆ ಇನ್ನೆರಡು ವರ್ಷ. ಕೆಲವೇ ವರ್ಷಗಳಲ್ಲಿ ಅಲ್ಲಿನ ಬಿಸಿನೆಸ್ ಶಾಲೆಗಳು ಒಂದರ ಹಿಂದೆ ಒಂದು ತಮ್ಮ ಎಂಬಿಎಯನ್ನು ‘ಸ್ಟೆಮ್’ ಪದವಿ ಎಂದು ಮರುವರ್ಗೀಕರಿಸಿಕೊಂಡವು. ಪಠ್ಯದಲ್ಲಿ ಆದ ಬದಲಾವಣೆ ಹಲವೆಡೆ ಅಲ್ಪ. ವಿದೇಶಿ ವಿದ್ಯಾರ್ಥಿಗೆ ಸಿಗುವ ಕೆಲಸದ ಅವಧಿ ಮೂರು ಪಟ್ಟಾಯಿತು. ಏನು ಮಾರಾಟವಾಗುತ್ತದೆ ಎಂಬುದು ಮಾರುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. 2023–24ರಲ್ಲಿ ಅಮೆರಿಕದಲ್ಲಿ ‘ವಿದ್ಯಾರ್ಥಿ’ಗಳೆಂದು ಲೆಕ್ಕಕ್ಕೆ ಬಂದ 3,31,602 ಭಾರತೀಯರಲ್ಲಿ 97,556 ಮಂದಿ ತರಗತಿಯಲ್ಲಿರಲಿಲ್ಲ, ಈ ಪರವಾನಗಿಯಡಿ ಕೆಲಸದಲ್ಲಿದ್ದರು.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವಿದೆ. ವಿದ್ಯಾರ್ಥಿಗಳನ್ನೇ ಕೇಳಿ ಮಾಡಿದ ಅಧ್ಯಯನಗಳು ಬೇರೆ ಉತ್ತರ ಕೊಡುತ್ತವೆ. ಆಸ್ಟ್ರೇಲಿಯಾದ ಟಿಮ್ ಮಝರೋಲ್ ಮತ್ತು ಜೆಫ್ರಿ ಸೌಟರ್ 2002ರಲ್ಲಿ ಪ್ರಕಟಿಸಿದ, ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುವ ಅಧ್ಯಯನ ಇಂಡೊನೇಷ್ಯಾ, ತೈವಾನ್, ಚೀನಾ ಮತ್ತು ಭಾರತದ ವಿದ್ಯಾರ್ಥಿಗಳನ್ನು ಮಾತಾಡಿಸಿತ್ತು. ದೇಶದ ಬಗೆಗಿನ ತಿಳಿವಳಿಕೆ, ಬಂಧು–ಸ್ನೇಹಿತರ ಮಾತು, ಖರ್ಚು, ಪರಿಸರ, ಸಂಸ್ಥೆಯ ಹೆಸರು ಹೀಗೆ ಹಲವು ಎಳೆಗಳನ್ನು ಅದು ಬಿಡಿಸಿಟ್ಟಿತು. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಪ್ರಶ್ನಾವಳಿ ಹಿಡಿದು ಎದುರು ಕುಳಿತವರಿಗೆ ಯಾರೂ ‘ನಾನು ಸಂಪಾದನೆಗೆ ಬಂದೆ’ ಎಂದು ಮೊದಲ ಮಾತಿಗೇ ಹೇಳುವುದಿಲ್ಲ; ಹೆಣ್ಣು ನೋಡಲು ಹೋದವರು ವರದಕ್ಷಿಣೆ ವಿಚಾರವನ್ನು ಕೊನೆಗೆ, ಅದೂ ಮಾವನ ಮೂಲಕ ಎತ್ತುವಂತೆಯೇ. ಬಾಯಿ ಹೇಳಿದ್ದಕ್ಕಿಂತ ಕಾಲು ನಡೆದದ್ದೇ ಹೆಚ್ಚು ನಂಬಿಕೆಯ ಸಾಕ್ಷಿ, ಮತ್ತು ಕಾಲುಗಳು ಪ್ರತಿ ಸಲವೂ ನಿಯಮದ ಹಿಂದೆಯೇ ನಡೆದಿವೆ. ರ‍್ಯಾಂಕಿಂಗ್ ಪಟ್ಟಿಯ ಮಹಿಮೆಯೂ ಅಷ್ಟಕ್ಕಷ್ಟೆ. ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಮೈಕೆಲ್ ಥಡ್ಡಿಯಸ್ ತಮ್ಮದೇ ಸಂಸ್ಥೆ ರ‍್ಯಾಂಕಿಂಗ್‌ಗೆ ಕೊಟ್ಟ ಅಂಕಿಅಂಶಗಳು ಸರಿಯಿಲ್ಲವೆಂದು 2022ರಲ್ಲಿ ತೋರಿಸಿದ ಮೇಲೆ ಆ ಸಂಸ್ಥೆ ಅಮೆರಿಕದ ಪ್ರಮುಖ ಪಟ್ಟಿಯೊಂದರಲ್ಲಿ ಎರಡನೇ ಸ್ಥಾನದಿಂದ ಹದಿನೆಂಟಕ್ಕೆ ಇಳಿಯಿತು. ಪಾಠವಂತೂ ಮೊದಲಿನಂತೆಯೇ ನಡೆದಿತ್ತು. ಪಿಎಚ್.ಡಿ.ಗೆ ಹೋಗುವವರ ಮಾತು ಬೇರೆ. ಅವರು ಪ್ರಾಧ್ಯಾಪಕರನ್ನು, ಪ್ರಯೋಗಾಲಯವನ್ನು, ಫೆಲೋಷಿಪ್ಪನ್ನು ನೋಡಿ ಹೋಗುತ್ತಾರೆ. ಅವರು ಈ ಲೇಖನದ ವಿಷಯವೂ ಅಲ್ಲ, ಸಂಖ್ಯೆಯಲ್ಲಿ ಹೆಚ್ಚೂ ಅಲ್ಲ.

ಸಂಪಾದನೆಗಾಗಿ ಹೋಗುವುದು ಅವಮಾನವೇ? ಖಂಡಿತ ಅಲ್ಲ. ‘ವಿದ್ಯೆಗಾಗಿ ವಿದ್ಯೆ’ ಎಂದು ಉಪದೇಶ ಮಾಡುವವರು ಸಾಮಾನ್ಯವಾಗಿ ಜಮೀನು ಅಡವಿಟ್ಟು ಮಕ್ಕಳನ್ನು ಓದಿಸಿದವರಾಗಿರುವುದಿಲ್ಲ. ಇಲ್ಲಿ ಸಿಗುವ ಮೊದಲ ಸಂಬಳಕ್ಕೂ ಅಲ್ಲಿ ಸಿಗುವ ಮೊದಲ ಸಂಬಳಕ್ಕೂ ಇರುವ ಅಂತರ ಕಣ್ಣಿಗೆ ರಾಚುವಾಗ ಕೆಲಸದ ಪರವಾನಗಿ ನೋಡಿ ದೇಶ ಆರಿಸುವುದು ಬುದ್ಧಿವಂತಿಕೆಯೇ. ಆದರೆ ಅದು ಬಂಡವಾಳ ಹೂಡಿಕೆಯಾದರೆ ಹೂಡಿಕೆಯ ಲೆಕ್ಕವನ್ನೇ ಹಾಕಬೇಕು. ನಲವತ್ತು ಲಕ್ಷ ರೂಪಾಯಿ ಸಾಲವನ್ನು ಶೇ 11ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೀರಿಸುವುದಾದರೆ ತಿಂಗಳ ಕಂತು 55 ಸಾವಿರ ದಾಟುತ್ತದೆ. ಓದುವ ಅವಧಿಯಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಪೌಂಡಿನಲ್ಲೋ ಡಾಲರಿನಲ್ಲೋ ದುಡಿದರೆ ಈ ಕಂತು ಹಗುರ, ಹುಬ್ಬಳ್ಳಿಗೆ ಮರಳಿ ರೂಪಾಯಿಯಲ್ಲಿ ದುಡಿದರೆ ಹೆಣಭಾರ. ಹತ್ತು ವರ್ಷದ ಈ ಹೊರೆಗೆ ಆಧಾರವಾಗಿರುವ ನಿಯಮ ಎಷ್ಟು ಗಟ್ಟಿ? ಬ್ರಿಟನ್ನಿನ ಎರಡು ವರ್ಷದ ಅವಕಾಶ 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟು ತಿಂಗಳಾಗಲಿದೆ. ಅಂದರೆ 2026ರ ಸೆಪ್ಟೆಂಬರ್ ಇನ್‌ಟೇಕ್‌ನಲ್ಲಿ ಒಂದು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರುವವರಿಗೆಲ್ಲ ಸಿಗುವುದು ಹದಿನೆಂಟೇ. ಆಸ್ಟ್ರೇಲಿಯಾ 2024ರ ಜುಲೈನಲ್ಲಿ ಪದವೀಧರರ ಕೆಲಸದ ವೀಸಾಕ್ಕೆ ಇದ್ದ 50ರ ವಯೋಮಿತಿಯನ್ನು ಬಹುತೇಕರಿಗೆ 35ಕ್ಕೆ ಇಳಿಸಿತು. ವಿದ್ಯಾರ್ಥಿ ವೀಸಾ ಶುಲ್ಕವನ್ನು 710 ಡಾಲರಿನಿಂದ 1,600ಕ್ಕೆ, ಮರುವರ್ಷ 2,000ಕ್ಕೆ ಏರಿಸಿತು. ಅಮೆರಿಕದಲ್ಲಿ 2025ರ ಸೆಪ್ಟೆಂಬರ್ 19ರಂದು ಹೊಸ ಎಚ್–1ಬಿ ಉದ್ಯೋಗ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಹೊರಬಿತ್ತು. ಅಲ್ಲೇ ಓದಿ ಅಲ್ಲೇ ಕೆಲಸಕ್ಕೆ ಸೇರುವವರಿಗೆ ಅದು ಅನ್ವಯಿಸದು ಎಂಬ ವಿವರಣೆ ಬರುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ಆ ತಿಂಗಳು ಎಷ್ಟು ಮನೆಗಳಲ್ಲಿ ನಿದ್ದೆ ಬಂದಿರಲಿಕ್ಕಿಲ್ಲ! ಈ ನಿಯಮಗಳು ಆ ದೇಶಗಳ ಮತದಾರರಿಗಾಗಿ ಆಗುವಂಥವು. ನಮ್ಮ ಕಂತಿನ ಪುಸ್ತಕ ಅವರಿಗೆ ಕಾಣುವುದಿಲ್ಲ, ಕಾಣಬೇಕೆಂದೂ ಇಲ್ಲ.

ಈಗ ‘ಹೇಳಿದವರು ಯಾರು’ ಎಂಬ ಪ್ರಶ್ನೆ. ಜಯನಗರದಿಂದ ಬೆಳಗಾವಿಯವರೆಗೆ ‘ಅಬ್ರಾಡ್ ಕನ್ಸಲ್ಟೆನ್ಸಿ’ ಎಂಬ ಫಲಕವಿಲ್ಲದ ಪೇಟೆಬೀದಿ ಈಗ ಕಡಿಮೆ. ಕಾಲೇಜು ಆರಿಸಿ ಕೊಡುತ್ತಾರೆ, ಅರ್ಜಿ ತುಂಬುತ್ತಾರೆ, ಸಾಲಕ್ಕೂ ವೀಸಾಕ್ಕೂ ದಾರಿ ತೋರಿಸುತ್ತಾರೆ. ಹೆಚ್ಚಿನ ಕಡೆ ವಿದ್ಯಾರ್ಥಿಯಿಂದ ಶುಲ್ಕವನ್ನೇ ಕೇಳುವುದಿಲ್ಲ. ಪುಕ್ಕಟೆ ಸಿಗುವ ಸಲಹೆಗೆ ಹಣ ಕೊಡುವವರು ಯಾರೆಂದರೆ, ಸೀಟು ಮಾರುವ ಕಾಲೇಜು. ಮೊದಲ ವರ್ಷದ ಶುಲ್ಕದಲ್ಲಿ ಇಂತಿಷ್ಟು ಪಾಲು ಎಂಬುದು ರೂಢಿ. ಶುಲ್ಕ 18 ಸಾವಿರ ಪೌಂಡ್ ಇದ್ದು ಪಾಲು ಶೇ 15 ಎಂದಿಟ್ಟುಕೊಂಡರೆ ಒಬ್ಬ ವಿದ್ಯಾರ್ಥಿಗೆ 2,700 ಪೌಂಡ್, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಯ ಆಸುಪಾಸು. ಹೆಚ್ಚು ಪಾಲು ಕೊಡುವ ಕಾಲೇಜೊಂದು, ಏನೂ ಕೊಡದ ಕಾಲೇಜೊಂದು ಎದುರಿಗಿದ್ದರೆ ಸಲಹೆ ಯಾವ ಕಡೆ ವಾಲೀತು? ಜರ್ಮನಿಯನ್ನೇ ನೋಡಿ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಆದ್ದರಿಂದ ಅದರಲ್ಲಿ ಪಾಲು ಕೊಡುವ ಪ್ರಶ್ನೆಯೂ ಇಲ್ಲ. ವರ್ಷದ ಖರ್ಚಿಗೆಂದು 11,904 ಯೂರೊವನ್ನು ನಿರ್ಬಂಧಿತ ಖಾತೆಯಲ್ಲಿ ಇಟ್ಟು ತೋರಿಸಬೇಕು, ಅದೂ ತಿಂಗಳು ತಿಂಗಳು ವಿದ್ಯಾರ್ಥಿಯ ಕೈಗೇ ಮರಳುವ ಹಣ. ಸಾಲ ಚಿಕ್ಕದಾದ್ದರಿಂದ ನಾಳೆ ನಿಯಮ ಬದಲಾದರೂ ಬದುಕು ಮುಳುಗುವುದಿಲ್ಲ. ಆದರೂ ಜರ್ಮನಿಗೆ ಹೊರಡುವೆ ಎಂದವನ ಮುಂದೆ ಶುಲ್ಕ ವಸೂಲಿ ಮಾಡುವ ಖಾಸಗಿ ಸಂಸ್ಥೆಗಳ ಕರಪತ್ರವೇ ಮೊದಲು ಹರಡಿಕೊಳ್ಳುತ್ತದೆ. ಇದನ್ನು ಸಂಚು ಎಂದು ನಾನು ಕರೆಯುವುದಿಲ್ಲ. ಕಮಿಷನ್ ಎಲ್ಲಿದೆಯೋ ಕರಪತ್ರ ಅಲ್ಲಿರುತ್ತದೆ, ಅಷ್ಟೆ.

ಅಮೆರಿಕದ ಕಾನೂನಿನಲ್ಲಿ ಈ ವಿಷಯಕ್ಕೊಂದು ಕಲಮು ಇದೆ, ನಮ್ಮ ಪೋಷಕರೆಲ್ಲ ಓದಬೇಕಾದ್ದು. ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆಗಿಷ್ಟು ಎಂದು ಕಮಿಷನ್ ಕೊಡುವುದನ್ನು, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳಿಗೆ ಅಲ್ಲಿನ ಉನ್ನತ ಶಿಕ್ಷಣ ಕಾಯ್ದೆ 1992ರ ತಿದ್ದುಪಡಿಯಿಂದಲೇ ನಿಷೇಧಿಸಿದೆ. ಕಮಿಷನ್ ಆಸೆಗೆ ಏಜೆಂಟರು ಅಮಾಯಕರನ್ನು ದುಬಾರಿ ಕೋರ್ಸುಗಳಿಗೆ ತಳ್ಳುತ್ತಾರೆ ಎಂಬುದು ಆ ನಿಷೇಧಕ್ಕೆ ಕಾರಣ. ಆದರೆ ಅದೇ ಕಲಮು ಒಂದು ವಿನಾಯಿತಿಯನ್ನೂ ಕೊಡುತ್ತದೆ: ಹೊರದೇಶಗಳಲ್ಲಿರುವ, ಆ ನೆರವಿಗೆ ಅರ್ಹರಲ್ಲದ ವಿದೇಶಿ ವಿದ್ಯಾರ್ಥಿಗಳ ನೇಮಕಕ್ಕೆ ಈ ನಿಷೇಧ ಅನ್ವಯಿಸದು. ತನ್ನ ತೆರಿಗೆದಾರರ ಹಣ ಪೋಲಾಗಬಾರದೆಂದು ಅಮೆರಿಕ ಬೇಲಿ ಹಾಕಿತು. ದಾವಣಗೆರೆಯ ತಂದೆಯ ಹಣ ಬೇಲಿಯ ಆಚೆಗೆ ಉಳಿಯಿತು. ಅಮೆರಿಕವನ್ನು ಬೈದು ಪ್ರಯೋಜನವಿಲ್ಲ. ದಾವಣಗೆರೆಗೆ ಬೇಲಿ ಹಾಕಬೇಕಾದವರು ನಾವು.

ಕನ್ಸಲ್ಟೆನ್ಸಿಗಳೇ ಬೇಡ ಎಂದು ಹೇಳುತ್ತಿಲ್ಲ. ಮನೆಯಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲ ವ್ಯಕ್ತಿ ತಾನೇ ಆಗಿರುವ, ಅಮೆರಿಕದಲ್ಲಿ ಸೋದರಮಾವ ಇಲ್ಲದ, ಚಿಕ್ಕ ಊರಿನ ಕಾಲೇಜಿನ ಹುಡುಗಿಗೆ ಅರ್ಜಿ ತುಂಬುವುದೇ ಒಂದು ಕಾಡು. ಅವಳಿಗೆ ಕೈಹಿಡಿದು ನಡೆಸುವವರು ಬೇಕು, ಅವರ ದುಡಿಮೆಗೆ ಕೂಲಿಯೂ ಬೇಕು. ಕೂಲಿ ಎಷ್ಟು, ಕೊಡುವವರು ಯಾರು ಎಂಬುದು ಅವಳಿಗೆ ಗೊತ್ತಿರಬೇಕು ಎಂಬುದಷ್ಟೇ ನನ್ನ ವಾದ. ಈ ದಾರಿ ನಮಗೆ ಹೊಸತೂ ಅಲ್ಲ. ಎಪಿಎಂಸಿ ಅಂಗಳದಲ್ಲಿ ದಲಾಲರಿಗೆ ಲೈಸೆನ್ಸ್ ಇದೆ, ಕಮಿಷನ್ನಿಗೆ ಮಿತಿಯಿದೆ. ಅದನ್ನು ತಪ್ಪಿಸಿ ಬಿಳಿ ಚೀಟಿಯಲ್ಲಿ ವ್ಯವಹಾರ ಮಾಡುವವರನ್ನು ಅಕ್ರಮಿಗಳೆಂದೇ ಕರೆಯುತ್ತೇವೆ. ಹತ್ತು ಕ್ವಿಂಟಲ್ ಮೆಣಸಿನಕಾಯಿಗೆ ಇರುವ ಈ ರಕ್ಷಣೆ ನಲವತ್ತು ಲಕ್ಷದ ಸಾಲಕ್ಕೆ ಇಲ್ಲ. ಮ್ಯೂಚುವಲ್ ಫಂಡ್ ಕ್ಷೇತ್ರದಲ್ಲಿ ಸೆಬಿ ಇನ್ನೂ ಮುಂದೆ ಹೋಯಿತು. 2009ರಲ್ಲಿ ಹೂಡಿಕೆದಾರರ ಹಣದಿಂದಲೇ ಮುರಿದುಕೊಳ್ಳುತ್ತಿದ್ದ ಪ್ರವೇಶ ಶುಲ್ಕವನ್ನು ನಿಲ್ಲಿಸಿತು, 2013ರಲ್ಲಿ ಮಧ್ಯವರ್ತಿ ಇಲ್ಲದ ನೇರ ಯೋಜನೆಗಳನ್ನು ಕಡ್ಡಾಯ ಮಾಡಿತು, ಆಮೇಲೆ ಏಜೆಂಟನಿಗೆ ಹೋದ ಕಮಿಷನ್ನನ್ನು ಹೂಡಿಕೆದಾರನ ಖಾತೆ ವಿವರದಲ್ಲೇ ರೂಪಾಯಿ ಲೆಕ್ಕದಲ್ಲಿ ಮುದ್ರಿಸಲು ಹೇಳಿತು. ಏಜೆಂಟರ ಕಸುಬು ಹಾಳಾಗುತ್ತದೆ ಎಂದು ಆಗಲೂ ಕೂಗೆದ್ದಿತ್ತು. ಕಸುಬು ಹಾಳಾಗಲಿಲ್ಲ, ಮ್ಯೂಚುವಲ್ ಫಂಡ್ ಬೆಳೆಯಿತು.

ಕಾಯ್ದೆಯಿಂದ ಎಲ್ಲ ಸರಿಹೋಗುತ್ತದೆಯೇ ಎಂದು ಕೇಳಿದರೆ, ಇಲ್ಲ. ಪಂಜಾಬ್ 2012ರಲ್ಲೇ ಇಂಥ ಏಜೆಂಟರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಕಾನೂನು ತಂದಿದೆ. ಹಾಗಿದ್ದೂ, ಏಜೆಂಟರು ಕೊಟ್ಟ ನಕಲಿ ಪ್ರವೇಶ ಪತ್ರಗಳ ಮೇಲೆ ಕೆನಡಾ ಸೇರಿದ್ದ ಪಂಜಾಬಿನ ನೂರಾರು ವಿದ್ಯಾರ್ಥಿಗಳು 2023ರಲ್ಲಿ ಗಡೀಪಾರಿನ ಭೀತಿ ಎದುರಿಸಿದರು. ಲೈಸೆನ್ಸ್ ಎಂಬುದು ಗೋಡೆಗೆ ತೂಗುಹಾಕುವ ಕಾಗದವಾದರೆ ಇಷ್ಟೇ ಆಗುತ್ತದೆ. ನಮ್ಮ ಕೇಂದ್ರದ 1983ರ ವಲಸೆ ಕಾಯ್ದೆ ಕೂಲಿಗೆ ಹೋಗುವವರನ್ನು ಕಳಿಸುವ ಏಜೆಂಟರನ್ನು ಗಮನದಲ್ಲಿಟ್ಟುಕೊಂಡು ಬರೆದದ್ದು. ಗಲ್ಫ್‌ಗೆ ಹೋಗುವ ಗಾರೆ ಕೆಲಸದವನಿಗೆ ಕಾಗದದ ಮೇಲಾದರೂ ಇರುವ ರಕ್ಷಣೆ ಕೆನಡಾಕ್ಕೆ ಹೋಗುವ ಪದವೀಧರನಿಗಿಲ್ಲ. ಇತ್ತ ಬ್ರಿಟನ್ನಿನ ವಲಸೆ ಸಲಹಾ ಸಮಿತಿ 2024ರ ಮೇನಲ್ಲಿ ಕೊಟ್ಟ ವರದಿ ಕುತೂಹಲಕಾರಿಯಾಗಿದೆ. ಓದಿನ ನಂತರದ ಕೆಲಸದ ಅವಕಾಶ ವ್ಯಾಪಕವಾಗಿ ದುರ್ಬಳಕೆಯಾಗಿಲ್ಲ ಎಂದು ಹೇಳಿದ ಸಮಿತಿ, ಏಜೆಂಟರ ಬಗ್ಗೆ ಮಾತ್ರ ಬಲವಾದ ಆತಂಕ ದಾಖಲಿಸಿತು. ಅವರ ನೋಂದಣಿ ಕಡ್ಡಾಯವಾಗಲಿ, ವಿಶ್ವವಿದ್ಯಾಲಯಗಳು ಅವರಿಗೆ ಸುರಿಯುವ ಹಣವನ್ನು ವರ್ಷವರ್ಷ ಪ್ರಕಟಿಸಲಿ ಎಂದು ಶಿಫಾರಸು ಮಾಡಿತು. ಕೊಡುವವರ ಕಡೆಯಲ್ಲೇ ಇಷ್ಟು ಅಳುಕು ಇರುವಾಗ, ಪಡೆಯುವವರು ಕುಳಿತಿರುವ ನಮ್ಮ ರಾಜ್ಯ ಸುಮ್ಮನಿರುವುದೇಕೆ?

ಇನ್ನೊಂದು ಮಾತು ಹೇಳುವವರಿದ್ದಾರೆ: ಇಷ್ಟೆಲ್ಲ ತಲೆನೋವೇಕೆ, ವಿದೇಶಿ ವಿಶ್ವವಿದ್ಯಾಲಯಗಳೇ ಇಲ್ಲಿಗೆ ಬರುತ್ತಿವೆಯಲ್ಲ ಎಂದು. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯ 2025ರಲ್ಲಿ ಗುರುಗ್ರಾಮದಲ್ಲಿ ತರಗತಿ ಆರಂಭಿಸಿದೆ. ಬೆಂಗಳೂರಿಗೆ ಬರಲು ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಯುಜಿಸಿ 2025ರ ಮೇನಲ್ಲಿ ಸಮ್ಮತಿ ಪತ್ರ ಕೊಟ್ಟಿದ್ದು, 2026ರ ಆಗಸ್ಟ್‌ನಲ್ಲಿ ಪಾಠ ಶುರುಮಾಡುವ ಗುರಿಯನ್ನು ಅದು ಹೇಳಿಕೊಂಡಿದೆ. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಪಡೆದ ಲಿವರ್‌ಪೂಲ್ ಪದವಿಯ ಜತೆ ಬ್ರಿಟನ್ನಿನಲ್ಲಿ ದುಡಿಯುವ ಹದಿನೆಂಟು ತಿಂಗಳು ಬರುವುದಿಲ್ಲ. ನಮ್ಮ ಮಕ್ಕಳು ಅರಸುತ್ತಿರುವುದು ಪದವಿಯನ್ನೇ ಆಗಿದ್ದರೆ, ಇಲ್ಲೇ ಅದು ಸಿಗುವಾಗ ಹೀಥ್ರೂ ವಿಮಾನದ ಟಿಕೆಟ್ಟಿಗೆ ಬೇಡಿಕೆ ಇಳಿಯಬೇಕು. ಇಳಿಯುತ್ತದೆಂದು ನನಗೆ ಅನ್ನಿಸುವುದಿಲ್ಲ. ಹಾಗಾಗಿ ಹೋಗುವವರು ಹೋಗಿಯೇ ಹೋಗುತ್ತಾರೆ ಎಂದು ಒಪ್ಪಿಕೊಂಡೇ ಕಾನೂನು ಮಾಡುವುದು ಜಾಣತನ: ರಾಜ್ಯದಲ್ಲಿ ವಿದೇಶಿ ಸೀಟಿಗೆ ಸಲಹೆ ಕೊಡುವ ಪ್ರತಿ ಸಂಸ್ಥೆಯೂ ನೋಂದಾಯಿಸಿಕೊಳ್ಳಬೇಕು, ತಾನು ಸೂಚಿಸುವ ಪ್ರತಿ ಕಾಲೇಜಿನ ಹೆಸರಿನ ಎದುರು ತನಗೆ ಬರುವ ಕಮಿಷನ್ ಎಷ್ಟೆಂದು ಬರೆದು, ವಿದ್ಯಾರ್ಥಿಯ ಸಹಿ ಪಡೆದು, ಒಂದು ಪ್ರತಿಯನ್ನು ಅವನ ಕೈಗೆ ಕೊಡಬೇಕು. ಸಾಲ ಕೊಡುವ ಬ್ಯಾಂಕು ಆ ಪ್ರತಿಯನ್ನು ಕಡತದಲ್ಲಿ ಸೇರಿಸದೆ ಹಣ ಬಿಡುಗಡೆ ಮಾಡಬಾರದು. ಇದಕ್ಕೆ ಹೊಸ ಇಲಾಖೆ ಬೇಕಿಲ್ಲ.

ಕಾನೂನು ಬರುವವರೆಗೆ ಕಾಯುವಷ್ಟು ಪುರುಸೊತ್ತು ಈ ವರ್ಷ ಅರ್ಜಿ ಹಾಕುವವರಿಗೆ ಇರುವುದಿಲ್ಲ. ಅಂಥ ಮನೆಗಳವರಲ್ಲಿ ಒಂದು ಕೋರಿಕೆ. ಕರಪತ್ರದಲ್ಲಿ ಕೆಲಸದ ಪರವಾನಗಿಯ ಬಗ್ಗೆ ಬರೆದ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಮಾತ್ರ ಓದಿ, ಆ ಪದವಿ ಹಿಡಿದು ಊರಿಗೆ ಮರಳಿದರೆ ಕಂತು ಕಟ್ಟಲಾಗುತ್ತದೆಯೇ ಎಂದು ಕಾಗದದ ಮೇಲೆ ಲೆಕ್ಕ ಹಾಕಿ. ಕಟ್ಟಲಾಗದಿದ್ದರೆ ಸಾಲ ಕಡಿಮೆಯಾಗುವ ಇನ್ನೊಂದು ದೇಶ ಹುಡುಕಿ. ಮುಂದಿನ ಸಲ ಕನ್ಸಲ್ಟೆನ್ಸಿಗೆ ಹೋದಾಗ ವೀಸಾ ವಿಚಾರ ಎತ್ತುವ ಮೊದಲು, ನನ್ನನ್ನು ಈ ಕಾಲೇಜಿಗೆ ಸೇರಿಸಿದರೆ ನಿಮಗೆ ಎಷ್ಟು ಬರುತ್ತದೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.